ಕಡ ಹೋದ ಕಾಂಟ್ರಾ

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಗಾದೆಗೆ ಇನ್ನು ಹೆಚ್ಚು ದಿನ ಕೆಲಸ ಇರುವಂತೆ ಕಾಣುವುದಿಲ್ಲ. ಕೊಡುವವರಿಗೆ ಬುದ್ಧಿ ಬಂತು ಅಂತಲ್ಲ. ಇಸಿದುಕೊಂಡವರು ನೆಟ್ಟಗೆ ಹಿಂತಿರುಗಿಸತೊಡಗಿದರು ಅಂತಂತೂ ಅಲ್ಲವೇ ಅಲ್ಲ. ಕೊಡುವುದಕ್ಕೆ ಕೈಯಲ್ಲಿ ಏನೂ ಉಳಿದಿಲ್ಲ, ಅಷ್ಟೇ. ಹಾಡಿನ ಕ್ಯಾಸೆಟ್ಟು ಹೋಯಿತು, ಸಿನಿಮಾದ ಸಿ.ಡಿ. ಹೋಯಿತು, ಪುಸ್ತಕ ಹೇಗೋ ಜೀವ ಹಿಡಿದುಕೊಂಡಿದೆ. ವಿಡಿಯೋ ಗೇಮಿನ ಸರದಿ ಬಂದಾಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಹೋದರೆ ಹೋಗಲಿ, ಮಕ್ಕಳು ನಾಲ್ಕಕ್ಷರ ಓದಿಕೊಳ್ಳುತ್ತಾರೆ ಎಂದು ನೆಮ್ಮದಿಪಟ್ಟವರೇ ಹೆಚ್ಚು. ಆದರೆ ಆಟಗಳೇನೂ ಹೋಗಿಲ್ಲ, ಮೊದಲಿಗಿಂತ ಹತ್ತಾರು ಪಾಲು ಹೆಚ್ಚಿವೆ. ಹೋಗಿದ್ದು ಅವನ್ನು ಕಡ ಕೊಡುವ ಸುಖ, ಮತ್ತು ಕೊಟ್ಟದ್ದು ವಾಪಸು ಬರಲಿಲ್ಲ ಎಂದು ವರ್ಷಗಟ್ಟಲೆ ಗೊಣಗುವ ಅದಕ್ಕಿಂತ ದೊಡ್ಡ ಸುಖ.

ಅಕ್ಕನ ಮಗ ಹೋದ ದೀಪಾವಳಿಯಲ್ಲಿ ರಿಯಾಯಿತಿ ದರಕ್ಕೆ ಒಂದು ಆಟ ಕೊಂಡ. ಕೊಂಡ ಅನ್ನುವುದಕ್ಕೆ ಸಾಕ್ಷಿಯಾಗಿ ಮೊಬೈಲಿಗೆ ಬ್ಯಾಂಕಿನ ಮೆಸೇಜು ಬಂತು, ರಾತ್ರಿಯಿಡೀ ಡೌನ್‌ಲೋಡ್ ಆಯಿತು, ಒಂದು ವಾರದಲ್ಲಿ ಆಡಿ ಮುಗಿಸಿದ. ಪಕ್ಕದ ಬೀದಿಯ ಗೆಳೆಯ ದಿನಾ ಬಂದು ಹಿಂದೆ ನಿಂತು ನೋಡಿ ಹೋಗುತ್ತಿದ್ದ. ‘ಆಡಿ ಆಯ್ತಲ್ಲ, ಅವನಿಗೆ ಕೊಡೋ’ ಎಂದೆ. ‘ಕೊಡಕ್ಕಾಗಲ್ಲ ಮಾಮ, ನನ್ನ ಅಕೌಂಟಲ್ಲಿದೆ’ ಎಂದ. ಒಂದೇ ಮನೆಯವರು ಹಂಚಿಕೊಂಡು ಆಡಲು ಕೆಲವು ಕಂಪನಿಗಳು ದಾರಿ ಮಾಡಿಕೊಟ್ಟಿವೆಯಂತೆ. ಪಕ್ಕದ ಬೀದಿಗೆ ಆ ಔದಾರ್ಯ ದಾಟುವುದಿಲ್ಲ. ಇನ್ನು ಪಾಸ್‌ವರ್ಡ್ ಹೇಳಿಬಿಡುವುದೆಂದರೆ ಒಂದು ಲೋಟ ಸಕ್ಕರೆ ಕೇಳಿದವರಿಗೆ ಮನೆಯ ಬೀಗದಕೈ ಕೊಟ್ಟಂತೆ. ಹುಡುಗ ಜಿಪುಣನಲ್ಲ. ಅವನು ಕೊಂಡದ್ದರಲ್ಲಿ ಕೊಡುವ ಭಾಗವೇ ಇರಲಿಲ್ಲ.

ನಮ್ಮ ಕಾಲದಲ್ಲಿ ವಿಡಿಯೋ ಗೇಮಿಗೆ ಟಿವಿ ಗೇಮ್ ಎನ್ನುತ್ತಿದ್ದರು. ನಮ್ಮೂರು ತಿಪಟೂರಿನಲ್ಲಿ ಉಂಡೆ ಕೊಬ್ಬರಿಗೆ ಒಳ್ಳೆಯ ರೇಟು ಸಿಕ್ಕ ಒಂದು ವರ್ಷ ಅಪ್ಪ ಅರ್ಧ ಮನಸ್ಸಿನಿಂದ ತಂದುಕೊಟ್ಟದ್ದು. ನಿಂಟೆಂಡೋ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಲಿ ಕಂಪ್ಯೂಟರ್ ಎಂಬ ಯಂತ್ರದ ತದ್ರೂಪು ಅದು ಎಂಬುದು ತಿಳಿದದ್ದು ಬಹಳ ವರ್ಷಗಳ ಮೇಲೆ. ಪೆಟ್ಟಿಗೆಯ ಮೇಲೆ ಊರಿಗೊಂದು, ಅಂಗಡಿಗೊಂದು ಹೆಸರು. ನಿಂಟೆಂಡೋ ಎಂಬ ಶಬ್ದ ಎಲ್ಲೂ ಇರುತ್ತಿರಲಿಲ್ಲ, ಇದ್ದರೂ ನಮಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಟಿವಿಯ ಹಿಂದಿನ ಆಂಟೆನಾ ತೂತಿಗೆ ಅದರ ವೈರು ಸಿಕ್ಕಿಸಿ, ಚಾನೆಲ್ ತಿರುಗಿಸುತ್ತಾ ತಿರುಗಿಸುತ್ತಾ ಹೋದರೆ ಒಂದು ಕಡೆ ಚಿತ್ರ ನಿಲ್ಲುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಅಜ್ಜಿ ಒಳಗಿನಿಂದ, ಪಿಕ್ಚರ್ ಟ್ಯೂಬ್ ಹೋಗುತ್ತೆ ಕಣ್ರೋ ಎಂದು ಕೂಗುತ್ತಿದ್ದರು. ಟಿವಿ ಗೇಮ್ ಆಡಿದರೆ ಪಿಕ್ಚರ್ ಟ್ಯೂಬ್ ಹೋಗುತ್ತದೆ ಎಂಬುದು ಆ ಕಾಲದ ಕರ್ನಾಟಕದ ಎಲ್ಲ ಮನೆಗಳಲ್ಲೂ ಪ್ರಚಲಿತವಿದ್ದ ವಿಜ್ಞಾನ. ಯಾರ ಮನೆಯದೂ ಹೋದದ್ದನ್ನು ನಾನು ಕಂಡಿಲ್ಲ.

ಆಟದ ಕ್ಯಾಸೆಟ್ಟು ಅಂಗೈಯಗಲ, ಹಳದಿಯೋ ಕಪ್ಪೋ ಪ್ಲಾಸ್ಟಿಕ್ಕು. ಮೇಲಿನ ಲೇಬಲ್ಲಿನ ಚಿತ್ರಕ್ಕೂ ಒಳಗಿನ ಆಟಕ್ಕೂ ಸಂಬಂಧ ಇರಲೇಬೇಕೆಂಬ ಕಟ್ಟಳೆ ಇರಲಿಲ್ಲ. ‘9999999 ಇನ್ 1’ ಎಂದು ಬರೆದಿದ್ದ ಕ್ಯಾಸೆಟ್ಟಿನಲ್ಲಿ ಇದ್ದದ್ದು ಬೆರಳೆಣಿಕೆಯ ಆಟಗಳು; ಅವೇ ಹೆಸರು ಬದಲಿಸಿಕೊಂಡು, ಒಮ್ಮೆ ಎರಡನೇ ಸ್ಟೇಜಿನಿಂದ, ಒಮ್ಮೆ ಮೂರನೆಯದರಿಂದ ಶುರುವಾಗಿ ತೊಂಬತ್ತೊಂಬತ್ತು ಲಕ್ಷವಾಗುತ್ತಿದ್ದವು. ಒಂದು ಸಲ ಸ್ಕ್ರೂ ಬಿಚ್ಚಿ ನೋಡಿದ್ದೇವೆ. ಅಷ್ಟು ದೊಡ್ಡ ಡಬ್ಬಿಯೊಳಗೆ ಮುಕ್ಕಾಲು ಪಾಲು ಬರೀ ಗಾಳಿ. ನಡುವೆ ಒಂದು ತುಂಡು ಹಸಿರು ಬೋರ್ಡು, ಅದರ ಮೇಲೆ ಕರಗಿದ ಅರಗಿನಂಥ ಒಂದು ಕಪ್ಪು ಬೊಟ್ಟು, ಕೆಳಗಡೆ ಸಾಲಾಗಿ ಹೊಳೆಯುವ ತಾಮ್ರದ ಹಲ್ಲುಗಳು. ಆ ಬೊಟ್ಟಿನೊಳಗೆ ಮಾರಿಯೋ ಇದ್ದಾನೆ ಎಂದು ಗೆಳೆಯನೊಬ್ಬ ಬೆರಳಿಟ್ಟು ತೋರಿಸಿದ. ನಿಜವಾಗಿಯೂ ಅಲ್ಲೇ ಇದ್ದ. ಇಡೀ ಆಟ, ಎಲ್ಲ ಸ್ಟೇಜುಗಳು, ಇನ್ನೂ ನಾವು ತಲುಪದ ಕೊನೆಯ ಬಾಸು ಕೂಡ, ಕೊಬ್ಬರಿ ಚೂರಿನಷ್ಟಗಲ ಜಾಗದಲ್ಲಿ ಮುಂಚಿತವಾಗಿಯೇ ಬಂದು ಕೂತಿದ್ದವು. ಯಾರನ್ನೂ ಕೇಳಬೇಕಾಗಿರಲಿಲ್ಲ.

ಆಡದೆ ಹಟ ಮಾಡಿದ ಕ್ಯಾಸೆಟ್ಟಿಗೆ ಉಫ್ ಎಂದು ಊದುವುದು ಮೊದಲ ಚಿಕಿತ್ಸೆ. ಊದುವುದರಿಂದ ಉಪಯೋಗವಿಲ್ಲ, ಉಸಿರಿನ ತೇವಕ್ಕೆ ಹಲ್ಲುಗಳು ಕಿಲುಬು ಹಿಡಿಯುತ್ತವೆ ಎಂದು ಈಗ ಬಲ್ಲವರು ಹೇಳುತ್ತಾರೆ. ತೆಗೆದು ಮತ್ತೆ ಹಾಕಿದ್ದರಿಂದಲೇ ಅದು ಸರಿಹೋಗುತ್ತಿತ್ತಂತೆ. ಇರಬಹುದು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲುಜ್ಜುವುದು ಎರಡನೆಯ ಚಿಕಿತ್ಸೆ, ಇದು ಕೆಲಸ ಮಾಡುತ್ತಿತ್ತು. ಯಾವ ಕ್ಯಾಸೆಟ್ಟಿಗೆ ಯಾವ ಉಪಚಾರ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಯಾಕೆಂದರೆ ಯಾವ ಕ್ಯಾಸೆಟ್ಟೂ ಒಂದೇ ಮನೆಯಲ್ಲಿ ಇರುತ್ತಿರಲಿಲ್ಲ.

ಕಡದ ವ್ಯವಹಾರಕ್ಕೆ ಬರೆಯದ ಕಾನೂನಿತ್ತು. ಕಾಂಟ್ರಾ ಎಂಬ ಆಟದ ಕ್ಯಾಸೆಟ್ಟು ಕೊಟ್ಟರೆ ಪ್ರತಿಯಾಗಿ ಅಷ್ಟೇ ತೂಕದ್ದು ಬರಬೇಕು. ಟ್ಯಾಂಕ್ ಆಟ ಬಂದರೆ ಜೊತೆಗೆ ಒಂದು ಬಾಲಮಂಗಳ ಪತ್ರಿಕೆಯೂ ಬರಬೇಕು. ಪರೀಕ್ಷೆ ಹತ್ತಿರ ಬಂದಾಗ ಅಪ್ಪನ ಕೈಗೆ ಸಿಕ್ಕಬಾರದೆಂದು ಕ್ಯಾಸೆಟ್ಟುಗಳನ್ನು ಓದಿನ ಮನೆಯೆಂದು ಹೆಸರಾಗಿದ್ದ ಹುಡುಗನ ಹತ್ತಿರ ಬಚ್ಚಿಡುತ್ತಿದ್ದೆವು. ಅಲ್ಲಿ ಯಾರೂ ಹುಡುಕುತ್ತಿರಲಿಲ್ಲ, ಅವನೂ ಆ ವರ್ಷವೇ ಕೆಟ್ಟ. ಲೇಬಲ್ಲಿನ ಮೂಲೆಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಇನಿಷಿಯಲ್ಲು, ಅದರ ಮೇಲೆ ಗೀಟು ಹೊಡೆದು ಇನ್ನೊಂದು ಇನಿಷಿಯಲ್ಲು, ಅದರ ಕೆಳಗೆ ಮತ್ತೊಂದು: ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೂ ಮಾಲೀಕತ್ವದ ಇಂಥ ಪ್ರಾಮಾಣಿಕ ದಾಖಲೆ ಸಿಗಲಿಕ್ಕಿಲ್ಲ. ಪರಿಚಯವಿಲ್ಲದ ಮನೆಗೆ ಹೋಗುವುದಕ್ಕೆ ಕ್ಯಾಸೆಟ್ಟು ಒಂದು ನೆಪವೂ ಆಗಿತ್ತು. ಅದಿಲ್ಲದಿದ್ದರೆ ನಮ್ಮ ಬೀದಿಯ ಹುಡುಗರು ಕೋಟೆಯ ಕಡೆಯ ಹುಡುಗರ ಅಡುಗೆಮನೆಯ ವಾಸನೆ ಯಾವುದೆಂದು ತಿಳಿಯದೆಯೇ ದೊಡ್ಡವರಾಗುತ್ತಿದ್ದರು.

ಕಾಂಟ್ರಾದ ಒಳಗೂ ಕಡದ ಸೌಲಭ್ಯ ಇತ್ತು. ಇಬ್ಬರು ಸೇರಿ ಆಡುವಾಗ ಒಬ್ಬನ ಲೈಫುಗಳೆಲ್ಲ ಮುಗಿದರೆ ಜೊತೆಗಾರನ ಲೆಕ್ಕದಿಂದ ಒಂದು ಎತ್ತಿಕೊಂಡು ಮತ್ತೆ ಎದ್ದು ನಿಲ್ಲಬಹುದಿತ್ತು. ಕೇಳಿ ತೆಗೆದುಕೊಂಡರೆ ಸ್ನೇಹ, ಕೇಳದೆ ತೆಗೆದುಕೊಂಡರೆ ಜಗಳ, ಎರಡೂ ಒಂದೇ ಮಧ್ಯಾಹ್ನದಲ್ಲಿ ನಡೆಯುತ್ತಿದ್ದವು. ಕೊನೆಯ ಸ್ಟೇಜಿನ ಬಾಗಿಲಲ್ಲಿ ನಿಂತಾಗ ಕರೆಂಟು ಹೋಗುತ್ತಿತ್ತು. ಸೇವ್ ಮಾಡುವ ಏರ್ಪಾಟು ಆ ಕ್ಯಾಸೆಟ್ಟುಗಳಲ್ಲಿ ಇರಲಿಲ್ಲವಾದ್ದರಿಂದ ವಿದ್ಯುತ್ ಮಂಡಳಿಯೇ ನಮ್ಮ ಅಸಲಿ ಬಾಸು.

ಆಮೇಲೆ ಕಂಪ್ಯೂಟರ್ ಕ್ಲಾಸು ಬಂತು, ಅದರ ಜೊತೆ ಫ್ಲಾಪಿಯಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಬಂತು. ಮೊದಲ ಹಂತ ದಾಟಿದರೆ ಒಂದು ಕೋಣೆಯ ತುಂಬ ಔಷಧದ ಶೀಷೆಗಳು, ಪ್ರತಿಯೊಂದರ ಮೇಲೂ ಒಂದೊಂದು ಇಂಗ್ಲಿಷ್ ಅಕ್ಷರ. ಕೈಪಿಡಿಯ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲಕ್ಷರ ಯಾವುದೋ ಆ ಶೀಷೆ ಕುಡಿ ಎಂದು ಆಟ ಆಜ್ಞೆ ಮಾಡುತ್ತಿತ್ತು. ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡವನ ಬಳಿ ಮಾತ್ರ ಕೈಪಿಡಿ ಇರುತ್ತದೆಂಬುದು ಕಂಪನಿಯ ಲೆಕ್ಕ. ಕೈಪಿಡಿ ಎಂಬುದೊಂದು ಇರುತ್ತದೆಂದೇ ತಿಪಟೂರಿಗೆ ಗೊತ್ತಿರಲಿಲ್ಲ. ನಾವು ರಾಜಕುಮಾರನಿಗೆ ಸಿಕ್ಕ ಸಿಕ್ಕದ್ದು ಕುಡಿಸಿ ಸಾಯಿಸಿದೆವು. ಸರಿಯಾದ ಅಕ್ಷರಗಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದೊಂದಾಗಿ ಸೇರಿಕೊಂಡು, ಆ ಹಾಳೆಯೂ ಕಡಕ್ಕೆ ಹೋಗತೊಡಗಿತು.

ಆ ಆಟ ಬರೆದ ಜೋರ್ಡಾನ್ ಮೆಕ್ನರ್ ಅದನ್ನು 1989ರಲ್ಲಿ ಆ್ಯಪಲ್ ಟು ಯಂತ್ರಕ್ಕೆ ಮಾಡಿದ್ದು. ಮೂಲ ಪ್ರೋಗ್ರಾಂ ಎಲ್ಲಿಟ್ಟೆನೆಂದು ಅವನಿಗೇ ಮರೆತುಹೋಗಿ ಎರಡು ದಶಕ ಕಳೆದಿದ್ದವು. 2012ರಲ್ಲಿ ಅವನ ತಂದೆ, ಆ ಆಟಕ್ಕೆ ಸಂಗೀತ ಕೂರಿಸಿದ್ದವರೂ ಅವರೇ, ಮನೆಯ ಕಪಾಟು ಶುಚಿ ಮಾಡುವಾಗ ಒಂದು ಡಬ್ಬಿ ಸಿಕ್ಕಿತು. ಒಳಗೆ ಹಳೆಯ ಫ್ಲಾಪಿಗಳು. ಹಳೆಯ ಯಂತ್ರಗಳ ಹುಚ್ಚು ಹಿಡಿದವರು ಕೆಲವರು ಸೇರಿ ಅವನ್ನು ಓದಿಸಿದರು, ಪ್ರೋಗ್ರಾಂ ಹೊರಬಂತು, ಮೆಕ್ನರ್ ಅದನ್ನು ಲೋಕಕ್ಕೆಲ್ಲ ಬಿಟ್ಟುಕೊಟ್ಟ. ಈ ಕಥೆಯಲ್ಲಿ ನನಗಿಷ್ಟ ತಂದೆಯ ಪಾತ್ರ. ಅದೇನೆಂದು ಗೊತ್ತಿಲ್ಲದಿದ್ದರೂ ಬಿಸಾಡದೆ ಇಡುವ ಹಿರಿಯರು ಇರುವವರೆಗೆ ಜಗತ್ತಿನ ಅರ್ಧ ಇತಿಹಾಸಕ್ಕೆ ಆತಂಕವಿಲ್ಲ. ಆದರೆ ಅವರಿಗೆ ಬಿಸಾಡದೆ ಇಡಲು ಏನಾದರೂ ಬೇಕಲ್ಲ.

ವಸ್ತುವಿನ ಆಯುಸ್ಸು ಎಷ್ಟು ಗಟ್ಟಿ ಎಂಬುದಕ್ಕೆ ಇನ್ನೊಂದು ಸಾಕ್ಷಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿದೆ. ಅಟಾರಿ ಕಂಪನಿ 1982ರಲ್ಲಿ ಇ.ಟಿ. ಸಿನಿಮಾದ ಹೆಸರಿನಲ್ಲಿ ಒಂದು ಆಟವನ್ನು ಸುಮಾರು ಐದು ವಾರದಲ್ಲಿ ಅವಸರವಸರವಾಗಿ ಮಾಡಿಸಿ ಕೈಸುಟ್ಟುಕೊಂಡಿತು. ಮರುವರ್ಷ ಮಾರಾಟವಾಗದ ಸರಕನ್ನು ಲಾರಿಗಳಲ್ಲಿ ತುಂಬಿ ಅಲಮೊಗೊರ್ಡೊ ಎಂಬ ಊರಿನ ಕಸದ ಗುಂಡಿಗೆ ಸುರಿದು ಮೇಲೆ ಕಾಂಕ್ರೀಟು ಹಾಕಿಸಿತು. 2014ರ ಏಪ್ರಿಲ್‌ನಲ್ಲಿ ಆ ಜಾಗ ಅಗೆದರು. ಮೂವತ್ತು ವರ್ಷದ ಕಸದಡಿಯಿಂದ ನೂರಾರು ಕ್ಯಾಸೆಟ್ಟುಗಳು, ಕೆಲವು ಪೆಟ್ಟಿಗೆ ಸಮೇತ, ಮೇಲೆ ಬಂದವು. ಹರಾಜಾದವು, ಒಂದು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೂ ಹೋಯಿತು. ಮಾಡಿದವರೇ ನಾಶವಾಗಲಿ ಎಂದು ಹೂತದ್ದು ಗಾಜಿನ ಪೆಟ್ಟಿಗೆಯೊಳಗೆ ಕೂತಿತು.

ಅದೇ 2014ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಯೂಬಿಸಾಫ್ಟ್ ‘ದಿ ಕ್ರೂ’ ಎಂಬ ಕಾರ್ ರೇಸಿನ ಆಟ ಬಿಟ್ಟಿತು. ಇಡೀ ಅಮೆರಿಕವನ್ನೇ ಚಿಕ್ಕದು ಮಾಡಿ ಹಾಸಿದ ರಸ್ತೆಗಳು. ಕರಾವಳಿಯಿಂದ ಕರಾವಳಿಗೆ ಸುಮ್ಮನೆ ಓಡಿಸಿಕೊಂಡು ಹೋಗಬಹುದಿತ್ತು. ಒಬ್ಬನೇ ಆಡಿದರೂ ಕಂಪನಿಯ ಸರ್ವರಿಗೆ ತಗುಲಿಕೊಂಡೇ ಆಡಬೇಕೆಂಬುದು ಏರ್ಪಾಟು. 2024ರ ಮಾರ್ಚ್ 31ರಂದು ಸರ್ವರ್ ಆರಿಸಿದರು. ಡೌನ್‌ಲೋಡ್ ಮಾಡಿಕೊಂಡವರ ಮಾತಿರಲಿ, ಅಂಗಡಿಯಲ್ಲಿ ಡಿಸ್ಕು ಕೊಂಡು ಕಪಾಟಿನಲ್ಲಿ ಜೋಡಿಸಿಟ್ಟಿದ್ದವರಿಗೂ ಆಟವಿಲ್ಲ. ಡಿಸ್ಕಿನ ಮೇಲೆ ಒಂದು ಗೀರೂ ಇಲ್ಲ, ಹಾಕಿದರೆ ತಿರುಗುತ್ತದೆ, ಆಡುವುದಿಲ್ಲ. ಅಷ್ಟರಮೇಲೆ ಕೆಲವರ ಖಾತೆಗಳಿಂದ ಆಟದ ಹಕ್ಕನ್ನೂ ಹಿಂತೆಗೆದುಕೊಂಡರು. ಇದನ್ನು ನೋಡಿ ರೊಚ್ಚಿಗೆದ್ದ ರಾಸ್ ಸ್ಕಾಟ್ ಎಂಬವನು ಆಟಗಳನ್ನು ಕೊಲ್ಲಬೇಡಿ ಎಂದು ಚಳವಳಿ ಶುರುಮಾಡಿದ. ಯುರೋಪಿನಲ್ಲಿ ಅದಕ್ಕೆ ಬಿದ್ದ ಸಹಿಗಳು 2025ರ ಜುಲೈನಲ್ಲಿ 10 ಲಕ್ಷ ದಾಟಿದವು. ಕ್ಯಾಲಿಫೋರ್ನಿಯಾದಲ್ಲಿ ಅದೇ ವರ್ಷದ ಜನವರಿಯಿಂದ ಒಂದು ಕಾನೂನು ಬಂದಿದೆ: ಹೀಗೆ ಮಾರುವವರು, ನೀವು ಕೊಳ್ಳುತ್ತಿರುವುದು ಬರೀ ಪರವಾನಗಿ ಎಂದು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕು. ತಿಳಿಸಿದರೆ ಸಾಕು, ಮಾರಬಹುದು. ಸಿಗರೇಟು ಪ್ಯಾಕಿನ ಮೇಲಿನ ಚಿತ್ರ ನೋಡಿ ಬೀಡಿ ಅಂಗಡಿ ಮುಚ್ಚಿದ್ದನ್ನು ನಾನಂತೂ ಕಂಡಿಲ್ಲ.

ಈ ಬದಲಾವಣೆ ಒಂದೇ ರಾತ್ರಿ ಆದದ್ದಲ್ಲ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿ 2003ರಲ್ಲಿ ಬಂತು. ಮರುವರ್ಷ ಬಂದ ಹಾಫ್-ಲೈಫ್ 2 ಆಟವನ್ನು ಡಿಸ್ಕಿನ ಪೆಟ್ಟಿಗೆಯಲ್ಲೇ ಕೊಂಡರೂ ಇಂಟರ್ನೆಟ್ಟಿಗೆ ಹೋಗಿ ಆ ಅಂಗಡಿಯ ಒಪ್ಪಿಗೆ ಪಡೆಯದೆ ಆಡುವಂತಿರಲಿಲ್ಲ. ಪೆಟ್ಟಿಗೆಯ ಒಳಗಿನ ಜೀವ ಅಲ್ಲಿಂದ ಸೋರತೊಡಗಿತು. ನಾವಾಗ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನ ಇಕ್ಕಟ್ಟಿನಲ್ಲಿ ಪ್ಲಾಸ್ಟಿಕ್ ಕವರಿನ ಡಿಸ್ಕುಗಳನ್ನು ಒಂದೊಂದಾಗಿ ಸರಿಸಿ ನೋಡುವ ಸಂಭ್ರಮದಲ್ಲಿದ್ದೆವು, ಗೊತ್ತಾಗಲಿಲ್ಲ. 2025ರಲ್ಲಿ ನಿಂಟೆಂಡೋದ ಹೊಸ ಸ್ವಿಚ್ 2 ಬಂದಾಗ ಅದರ ಕೆಲವು ಆಟಗಳ ಕಾರ್ಡಿನಲ್ಲಿ ಆಟವೇ ಇರಲಿಲ್ಲ. ಇದ್ದದ್ದು ಡೌನ್‌ಲೋಡ್ ಮಾಡಿಕೊಳ್ಳಲು ಒಂದು ಕೀಲಿ. ಆದರೂ ಆ ಕಾರ್ಡನ್ನು ಗೆಳೆಯನಿಗೆ ಕೊಡಬಹುದು, ಮಾರಬಹುದು ಎಂಬ ಸಮಾಧಾನವಿದೆ, ಕಂಪನಿ ಆ ಡೌನ್‌ಲೋಡಿನ ಬಾಗಿಲು ತೆರೆದಿಟ್ಟಿರುವವರೆಗೆ. ಅದೇ ನಿಂಟೆಂಡೋ ತನ್ನ ಹಳೆಯ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಾಟ ನಿಲ್ಲಿಸಿದ್ದು 2023ರ ಮಾರ್ಚ್‌ನಲ್ಲಿ.

ಮೋಡದ ಆಟ, ಅಂದರೆ ಕ್ಲೌಡ್ ಗೇಮಿಂಗ್, ಇದಕ್ಕಿಂತಲೂ ಮುಂದಿನ ಹೆಜ್ಜೆ. ಅದರಲ್ಲಿ ಆಟ ನಮ್ಮ ಮನೆಗೆ ಬರುವುದೇ ಇಲ್ಲ. ಎಲ್ಲೋ ಇರುವ ಕಂಪ್ಯೂಟರಿನಲ್ಲಿ ನಡೆಯುತ್ತದೆ, ನಮಗೆ ಅದರ ವಿಡಿಯೋ ಮಾತ್ರ. ಆ ಕಂಪ್ಯೂಟರ್ ಮುಂಬೈಯಲ್ಲಿದೆ ಅನ್ನಿ. ಬೆಂಗಳೂರಿನಲ್ಲಿ ಗುಂಡಿ ಒತ್ತಿದರೆ ಆ ಸುದ್ದಿ ಸುಮಾರು 1,000 ಕಿಲೋಮೀಟರ್ ಓಡಬೇಕು, ಅಲ್ಲಿ ಮಾರಿಯೋ ನೆಗೆಯಬೇಕು, ನೆಗೆದ ಚಿತ್ರ ಅಷ್ಟೇ ದೂರ ವಾಪಸು ಬರಬೇಕು. ಗಾಜಿನ ಎಳೆಯೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಹೋಗಿಬರಲು ಕಡಿಮೆಯೆಂದರೂ 10 ಮಿಲಿಸೆಕೆಂಡು. ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಒಂದೊಂದು ಚಿತ್ರದ ಪಾಲಿಗೆ ಬರುವುದೇ 17 ಮಿಲಿಸೆಕೆಂಡಿಗಿಂತ ಕಡಿಮೆ. ಉಳಿದಷ್ಟರಲ್ಲಿ ಲೆಕ್ಕ ಹಾಕುವುದು, ಚಿತ್ರ ಒತ್ತಿ ಚಿಕ್ಕದು ಮಾಡುವುದು, ಬಿಡಿಸುವುದು ಎಲ್ಲ ಮುಗಿಯುವುದಿಲ್ಲ; ಗುಂಡಿಗೂ ನೆಗೆತಕ್ಕೂ ನಡುವೆ ಒಂದಷ್ಟು ಬಿಗಿ ಸಡಿಲಾಗಿಯೇ ಆಗುತ್ತದೆ. ಒಮ್ಮೆ ಆಡಿ ನೋಡಿದೆ. ಆಟ ಚೆನ್ನಾಗಿತ್ತು. ಯಾರಿಗೋ ಹೇಳಿ ಆಡಿಸುತ್ತಿದ್ದೇನೆ ಅನ್ನಿಸಿತು.

ಗೂಗಲ್ಲಿನಂಥ ಗೂಗಲ್ಲೇ 2019ರ ನವೆಂಬರ್‌ನಲ್ಲಿ ಸ್ಟೇಡಿಯಾ ಎಂಬ ಹೆಸರಿನಲ್ಲಿ ಈ ವ್ಯಾಪಾರ ತೆರೆದು 2023ರ ಜನವರಿ 18ರಂದು ಬಾಗಿಲು ಹಾಕಿತು. ನಮ್ಮ ದೇಶಕ್ಕೆ ಅದು ಬರಲೇ ಇಲ್ಲ. ಜನ ಅಲ್ಲಿ ಆಟಗಳಿಗೆ ಕೊಟ್ಟ ಹಣವನ್ನು ವಾಪಸು ಕೊಟ್ಟಿತು ಎಂಬುದನ್ನು ಹೇಳದಿದ್ದರೆ ನ್ಯಾಯವಾಗದು. ಆದರೆ ಸ್ಟೇಡಿಯಾಕ್ಕೆಂದೇ ಮಾಡಿದ್ದ ಔಟ್‌ಕಾಸ್ಟರ್ಸ್ ಎಂಬ ಆಟ ಅದರ ಜೊತೆಯಲ್ಲೇ ಹೋಯಿತು. ಯಾವ ಅಟ್ಟದಲ್ಲೂ ಅದರ ಪ್ರತಿ ಸಿಗುವಂತಿಲ್ಲ, ಯಾವ ಕಳ್ಳನೂ ಅದನ್ನು ಕದ್ದು ಇಟ್ಟಿರುವಂತಿಲ್ಲ. ನಮ್ಮ ತಿಪಟೂರಿನ ಕ್ಯಾಸೆಟ್ಟುಗಳೆಲ್ಲ ಕಳ್ಳಪ್ರತಿಗಳೇ ಆಗಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ಆ ಕಳ್ಳತನ ಸರಿಯೆಂದು ವಾದಿಸಲಾರೆ. ಆದರೆ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಂತೆ, ಅಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ಶೇ. 87ರಷ್ಟು ಈಗ ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ. ಅವುಗಳಲ್ಲಿ ಎಷ್ಟೋ ಇವತ್ತಿಗೂ ಉಸಿರಾಡುತ್ತಿರುವುದು ಹಳೆಯ ಕ್ಯಾಸೆಟ್ಟು ಕೂಡಿಟ್ಟವರಿಂದ, ಮತ್ತು ಕದ್ದವರಿಂದ.

ಮೋಡದ ಪರವಾಗಿ ಹೇಳುವ ಮಾತೂ ಇದೆ, ಅದು ಸಣ್ಣದಲ್ಲ. ಹೊಸ ಪ್ಲೇಸ್ಟೇಷನ್ನಿಗೆ ಅರ್ಧ ಲಕ್ಷ ಸುರಿಯಲಾಗದ ಮನೆಯ ಹುಡುಗಿ ಸಾಧಾರಣ ಮೊಬೈಲಿನಲ್ಲೇ ಅದೇ ಮಟ್ಟದ ಆಟ ಆಡಬಹುದೆಂದರೆ ಕುಹಕ ಮಾಡಲು ಮನಸ್ಸು ಬಾರದು. ಎಕ್ಸ್‌ಬಾಕ್ಸ್‌ನ ಕ್ಲೌಡ್ ಸೇವೆ 2025ರ ನವೆಂಬರ್‌ನಲ್ಲಿ ಭಾರತಕ್ಕೂ ಬಂದಿದೆ. ನಮ್ಮ ಬೀದಿಯಲ್ಲಿ ಟಿವಿ ಗೇಮ್ ಇದ್ದದ್ದು ಕೊಬ್ಬರಿ ಮಾರಿದವರ ಮನೆಯಲ್ಲಿ, ಕೊಬ್ಬರಿ ಸುಲಿದವರ ಮನೆಯಲ್ಲಲ್ಲ. ಸುಲಿದವರ ಮಕ್ಕಳು ಕಿಟಕಿಯಿಂದ ನೋಡುತ್ತಿದ್ದರು; ಕ್ಯಾಸೆಟ್ಟು ಅವರಿಗೆ ಕಡ ಹೋಗುತ್ತಿರಲಿಲ್ಲ, ಹಾಕಲು ಯಂತ್ರವೇ ಇರಲಿಲ್ಲವಲ್ಲ.

ಕಡದ ಮಾತು ಹಾಗಿರಲಿ, ಆಸ್ತಿಯ ಮಾತಿಗೆ ಬಂದರೆ, ನಮ್ಮ ತಾತನ ಕಾಲದ ಪಾಲುಪಟ್ಟಿಯೊಂದು ಮನೆಯಲ್ಲಿದೆ. ತಾಮ್ರದ ಹಂಡೆ ಒಂದು, ಹಿತ್ತಾಳೆ ಕೊಳಗ ಎರಡು, ಮೂತಿ ಒಡೆದ ಒರಳುಕಲ್ಲು ಒಂದು, ಬಾವಿಯ ಪಕ್ಕದ ಹಲಸಿನ ಮರದ ಫಸಲಿನಲ್ಲಿ ಅರ್ಧ. ಒರಳುಕಲ್ಲಿನ ಮೂತಿ ಒಡೆದಿದೆ ಎಂಬುದನ್ನೂ ಬಿಡದೆ ಬರೆದಿದ್ದಾರೆ. ಸ್ಟೀಮ್ ಖಾತೆಯನ್ನು ಉಯಿಲಿನ ಮೂಲಕ ಯಾರಿಗೂ ಬಿಟ್ಟುಹೋಗುವಂತಿಲ್ಲ ಎಂದು ಆ ಅಂಗಡಿಯವರೇ 2024ರಲ್ಲಿ ಗಿರಾಕಿಯೊಬ್ಬರ ಪ್ರಶ್ನೆಗೆ ಉತ್ತರಿಸಿದ್ದರು. ಅಕ್ಕನ ಮಗ ಈಗಾಗಲೇ ಅಂಥದ್ದೊಂದು ಖಾತೆಯಲ್ಲಿ ಗುಡ್ಡೆ ಹಾಕಿರುವ ಆಟಗಳ ಬೆಲೆಗೆ ನಾಲ್ಕಾರು ಹಂಡೆ ಬರುತ್ತಿದ್ದವು. ಅವನ ಮೊಮ್ಮಕ್ಕಳ ಪಾಲಿಗೆ ಅದರಿಂದ ಹಲಸಿನ ತೊಳೆಯೂ ಇಲ್ಲ.

ಈಚೆಗೆ ತುಮಕೂರಿನಲ್ಲಿ ಒಂದು ಮದುವೆಯ ಊಟದ ಸಾಲಿನಲ್ಲಿ ಪಕ್ಕಕ್ಕೆ ಕೂತವನು ಚಿಕ್ಕಂದಿನಲ್ಲಿ ನನ್ನ ಕಾಂಟ್ರಾ ಕಡ ಒಯ್ದು ವಾಪಸು ಕೊಡದೇ ಹೋದ ಹುಡುಗ. ತಲೆ ಬೋಳಾಗಿದೆ, ಬೆಂಗಳೂರಿನಲ್ಲಿ ದೊಡ್ಡ ಕಂಪನಿಯ ಸರ್ವರುಗಳನ್ನು ನೋಡಿಕೊಳ್ಳುತ್ತಾನೆ. ಕುಶಲ ಕೇಳುವ ಮೊದಲೇ ಕೇಳಿದೆ, ‘ಲೋ, ನನ್ನ ಕಾಂಟ್ರಾ ಎಲ್ಲೋ?’ ಅವನು ಕೋಸಂಬರಿ ಬಾಯಿಗೆ ಹಾಕಿಕೊಂಡು ಸ್ವಲ್ಪವೂ ಗಲಿಬಿಲಿಗೊಳ್ಳದೆ, ‘ಅಟ್ಟದ ಮೇಲಿರಬೇಕು ಕಣೋ, ಹಳೇ ಟ್ರಂಕಲ್ಲಿ’ ಎಂದ. ಇದ್ದರೂ ಹಾಕುವುದಕ್ಕೆ ಯಂತ್ರವಿಲ್ಲವಲ್ಲ ಎಂದು ಅವನ ಹೆಂಡತಿ ಅತ್ತ ಕಡೆಯಿಂದ ಹೇಳಿದರು. ಅದು ಬೇರೆ ವಿಷಯ ಎಂದು ಇಬ್ಬರೂ ಒಟ್ಟಿಗೇ ಅಂದೆವು. ‘ನನ್ನ ಬಾಲಮಂಗಳ ನಿನ್ನ ಹತ್ರಾನೇ ಉಳೀತು, ಗೊತ್ತಾ? ಒಂದು ಕಟ್ಟು’ ಎಂದು ಅವನು ಹೊಸ ದಾವೆ ಹೂಡಿದ. ನಾನು ಸಾಕ್ಷಿ ಕೇಳಿದೆ. ಅಷ್ಟರಲ್ಲಿ ಒಬ್ಬಟ್ಟು ಬಡಿಸುವವನು ಬಂದ. ಇವನು ನನ್ನ ಎಲೆಯ ಕಡೆ ಕೈ ತೋರಿಸಿ, ಬೇಡ ಬೇಡವೆಂದರೂ ಇನ್ನೆರಡು ಹಾಕಿಸಿದ. ‘ಸದ್ಯಕ್ಕೆ ಬಡ್ಡಿ ಇಟ್ಕೋ, ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಅಸಲು ಹುಡುಕ್ತೀನಿ’ ಎಂದು, ತುಪ್ಪದವನನ್ನೂ ಕೂಗಿ ಕರೆದ.